ಅರಿಸಿನ ಹತ್ತಿದ ಐದು ಹಲಗೆ

ಕಳೆದ ಆಗಸ್ಟಿನಲ್ಲಿ ಮಗಳನ್ನು ಯೂನಿವರ್ಸಿಟಿಗೆ ಸೇರಿಸಲು ಆಸ್ಟಿನ್‌ಗೆ ಹೋಗಿದ್ದೆ. ಹಾಸಿಗೆ, ದಿಂಬು, ಚಟ್ನಿಪುಡಿ ಡಬ್ಬಿ, ಹಾಸ್ಟೆಲಿನವರು ಬೇಡವೆಂದರೂ ಬಟ್ಟೆಯೊಳಗೆ ಸುತ್ತಿ ತಂದ ಪುಟ್ಟ ಕುಕ್ಕರ್, ಎಲ್ಲವನ್ನೂ ಮೂರನೆಯ ಮಹಡಿಗೆ ಹೊತ್ತು ಹಾಕಿ, ಒಂದಿಷ್ಟು ತಂಪು ಸಿಕ್ಕರೆ ಸಾಕೆಂದು ಪಕ್ಕದ ಕಟ್ಟಡಕ್ಕೆ ನುಗ್ಗಿದೆವು. ಅದು ಚಿತ್ರಕಲೆಯ ವಿಭಾಗವಂತೆ. ಕಾರಿಡಾರಿನ ಕೊನೆಯ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿಂದ ಒದ್ದೆ ಕಾಗದ, ಈಗಷ್ಟೇ ಕೆತ್ತಿದ ಚೆರ್ರಿ ಮರ, ಅಕ್ಕಿ ಗಂಜಿಯ ಹುಳಿ ಎಲ್ಲ ಸೇರಿದ ವಾಸನೆ ಬಂತು. ನನ್ನ ಕಾಲು ಅಲ್ಲೇ ನಿಂತಿತು. ಮಗಳು ಮುಖ ನೋಡಿ, “ಅಮ್ಮಾ, ಆರ್ ಯು ಓಕೆ?” ಎಂದಳು. ಬಿಸಿಲಿಗೆ ತಲೆ ತಿರುಗಿತು ಎಂದೆ. ಟೆಕ್ಸಾಸಿನಲ್ಲಿ ಯಾವ ಸುಳ್ಳಿಗೂ ಬಿಸಿಲು ಒದಗಿಬರುತ್ತದೆ.

ಆ ವಾಸನೆ ಟೆಕ್ಸಾಸಿನದೇ ಯೂಲೆಸ್ ಎಂಬ ಊರಿನ ಒಂದು ಗರಾಜಿನದು. ಮದುವೆಯಾಗಿ ಮೈಸೂರಿನಿಂದ ಬಂದ ಮೊದಲ ವರ್ಷಗಳಲ್ಲಿ ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಅದಕ್ಕೆ ಹತ್ತಿರದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಕೂತು ಗೋಡೆ ನೋಡಿ ನೋಡಿ ಬೇಸತ್ತು, ಲೈಬ್ರರಿಯ ಬೋರ್ಡಿನಲ್ಲಿ ಕಂಡ ಒಂದು ಶನಿವಾರದ ತರಗತಿಗೆ ಸೇರಿಕೊಂಡೆ. ಜಪಾನಿನ ರೀತಿಯಲ್ಲಿ ಮರದ ಹಲಗೆ ಕೆತ್ತಿ ಚಿತ್ರ ಅಚ್ಚು ಹಾಕುವುದನ್ನು ಅಲ್ಲಿ ಕಲಿಸುತ್ತಿದ್ದರು. ಕಲಿಸುವವರ ಹೆಸರು ಕೆಂಜಿ. ಏರ್‌ಪೋರ್ಟಿನಲ್ಲಿ ದುಡಿದು ನಿವೃತ್ತರಾದವರು. ಏರ್‌ಪೋರ್ಟಿನ ಬೇಲಿಗೆ ಅಂಟಿದಂತೆಯೇ ಅವರ ಮನೆ. ತಲೆಯ ಮೇಲೆ ವಿಮಾನ ಇಳಿಯುವಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ನಾನು ಅವರನ್ನು ಮನಸ್ಸಿನಲ್ಲಿ ಮೇಷ್ಟ್ರು ಎಂದೇ ಕರೆಯುತ್ತಿದ್ದೆ. ಅವರ ಹೆಂಡತಿ ಸಚಿಕೊ. ಅವರನ್ನು ಮಾತ್ರ ಬಾಯಿ ತುಂಬ ಆಂಟಿ ಎನ್ನುತ್ತಿದ್ದೆ. ಯಾರಿಗೆ ಆಂಟಿ, ಯಾವ ಸಂಬಂಧದಲ್ಲಿ ಆಂಟಿ ಎಂದು ಮೊದಮೊದಲು ಅವರು ಕಂಗಾಲಾದರು. ಆಮೇಲೆ ಫೋನಿನಲ್ಲಿ ತಾವೇ “ಆಂಟಿ ಮಾತಾಡ್ತಿದ್ದೇನೆ” ಅನ್ನತೊಡಗಿದರು.

ಜಪಾನಿನ ಅಚ್ಚು ಎಂದರೆ ಅಲೆ, ಬೆಟ್ಟ, ಕೊಡೆ ಹಿಡಿದ ಹೆಂಗಸು ಎಂದುಕೊಂಡು ಹೋಗಿದ್ದೆ. ಮೇಷ್ಟ್ರ ಚಿತ್ರಗಳಲ್ಲಿ ಅದೇನೂ ಇರಲಿಲ್ಲ. ಒಂದು ಕಪ್ಪು ಬಾಗು, ಅದಕ್ಕೆ ಒರಗಿದ ಒಂದು ನೀಲಿ, ಇವೆರಡರ ನಡುವೆ ಮರದ ಎಳೆಗಳು ನೀರಿನಲ್ಲಿ ಹರಡಿದಂತೆ ಹರಡಿರುತ್ತಿದ್ದವು. ಇದು ಯಾವುದರ ಚಿತ್ರ ಎಂದು ತರಗತಿಯವರು ಕೇಳಿದರೆ “ಮರದ್ದು” ಎನ್ನುತ್ತಿದ್ದರು. ಹಾಗೆ ಕೇಳಬೇಕೆಂದು ನನಗೇನೂ ಅನ್ನಿಸಲಿಲ್ಲ. ಹೊಸ್ತಿಲ ಮುಂದಿನ ಚುಕ್ಕಿ ರಂಗೋಲಿ ಯಾವುದರ ಚಿತ್ರ ಎಂದು ನಮ್ಮಲ್ಲಿ ಯಾರಾದರೂ ಕೇಳಿದ್ದುಂಟೇ?

ಆ ಮನೆಯಲ್ಲಿ ಕೆತ್ತುವುದು ಗಂಡ, ಒತ್ತುವುದು ಹೆಂಡತಿ. ಒಂದು ಬಣ್ಣಕ್ಕೆ ಒಂದು ಹಲಗೆ. ಹಲಗೆಗೆ ಅಕ್ಕಿ ಗಂಜಿ ಬೆರೆಸಿದ ಬಣ್ಣ ಹಚ್ಚಿ, ಒದ್ದೆ ಕಾಗದ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ದುಂಡನೆಯ ಮೆತ್ತೆಯಿಂದ ಆಂಟಿ ಉಜ್ಜುತ್ತಿದ್ದರು. ಅದೇ ಕಾಗದ ಎಲ್ಲ ಹಲಗೆಗಳ ಮೇಲೂ ಒಂದೇ ಜಾಗದಲ್ಲಿ ಕೂರಬೇಕು. ಅದಕ್ಕಾಗಿ ಪ್ರತಿ ಹಲಗೆಯ ಕೆಳಗಿನ ಬಲಮೂಲೆಯಲ್ಲಿ ಕಾಗದದ ಮೂಲೆ ಹಿಡಿಯುವಷ್ಟು ಒಂದು ಕಚ್ಚು ಕೆತ್ತಿರುತ್ತಾರೆ. ಜಪಾನಿಯಲ್ಲಿ ಅದಕ್ಕೆ ಕೆಂಟೊ ಎನ್ನುತ್ತಾರೆ. ಅದು ಕೂದಲೆಳೆ ತಪ್ಪಿದರೂ ಬಣ್ಣದ ಮೇಲೆ ಬಣ್ಣ ಹತ್ತಿ ಚಿತ್ರ ಕಲಗಚ್ಚಾಗುತ್ತದೆ. ಮೇಷ್ಟ್ರು ಎಲ್ಲಕ್ಕಿಂತ ಮೊದಲು ಅದನ್ನೇ ಕೆತ್ತುತ್ತಿದ್ದರು. ಮದುವೆಗೆ ಮುಂಚೆ ದಿನ ಗೊತ್ತು ಮಾಡಿದ ಹಾಗೆ.

ಆಮೇಲೆ ಮೇಷ್ಟ್ರಿಗೆ ಸ್ಟ್ರೋಕ್ ಆಯಿತು. ಬಲಗೈ ಬಿತ್ತು, ಮಾತು ಪೂರ್ತಿ ಹೋಯಿತು. ಇವರಿಗೆ ಹೇಳಿದ್ದು ತಿಳಿಯುವುದಿಲ್ಲ, ನಿಮ್ಮ ಗುರುತೂ ಹತ್ತಲಿಕ್ಕಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಅಲ್ಲಿಂದ ಸುಮಾರು ಒಂದು ವರ್ಷ ಅವರು ಗರಾಜಿನಲ್ಲಿ ಕೂತು ಎಡಗೈಯಲ್ಲಿ ಉಳಿ ಹಿಡಿದು ಹಳೆಯ ಹಲಗೆಗಳನ್ನು ಕೆರೆಯುತ್ತಿದ್ದರು. ತರಗತಿ ನಿಂತಿತ್ತು. ನಾನು ಹಣ್ಣು ಹಿಡಿದು ನೋಡಲು ಹೋದಾಗ ತಲೆ ಎತ್ತುತ್ತಿರಲಿಲ್ಲ. ಆಂಟಿ ಗರಾಜಿನ ಬಾಗಿಲಲ್ಲಿ ನಿಂತು ಹ್ಯೂಸ್ಟನ್‌ನಲ್ಲಿದ್ದ ತಮ್ಮ ಮಗಳೊಡನೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಮಾತನಾಡುತ್ತಿದ್ದರು. ನಿನ್ನ ಅಪ್ಪ ಆವತ್ತೇ ಹೋದರು, ಇಲ್ಲಿ ಕೂತಿರುವುದು ಬೇರೆ ಯಾರೋ, ಆ ಯಾರಿಗೋ ನಾನು ಅಡುಗೆ ಮಾಡಿ ಹಾಕುತ್ತಿದ್ದೇನೆ ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದರು. ನನಗೆ ಕಸಿವಿಸಿಯಾಗುತ್ತಿತ್ತು. ಆದರೆ ಕಾಯಿಲೆಯವರನ್ನು ನೋಡಿಕೊಳ್ಳುವವರ ಬಾಯಿಗೆ ಲಗಾಮು ಹಾಕಲು ನಾವು ಯಾರು? ಕೊನೆಗೆ ಒಂದು ದಿನ ಮೇಷ್ಟ್ರು ಕೈ ಕೊಯ್ದುಕೊಂಡರೆಂದು ಆಂಟಿ ಉಳಿಗಳನ್ನೆಲ್ಲ ಕಿತ್ತಿಟ್ಟು, ಅವರನ್ನು ಹ್ಯೂಸ್ಟನ್‌ನಲ್ಲಿ ಮಗಳ ಮನೆಗೆ ಹತ್ತಿರವಿದ್ದ ಒಂದು ಆರೈಕೆ ಮನೆಗೆ ಸೇರಿಸಿದರು. ಅಲ್ಲಿ ಮೇಷ್ಟ್ರು ಹೆಚ್ಚು ಕಾಲ ಬದುಕಲಿಲ್ಲ.

ನಾನು ಹೇಳಹೊರಟಿದ್ದು ಅದರ ಮುಂದಿನ ಶರತ್ಕಾಲದ ಕತೆ. ಆಂಟಿ ಯೂಲೆಸ್‌ನ ಮನೆ ಮಾರಿ ಮಗಳ ಬಳಿಗೆ ಶಿಫ್ಟ್ ಆಗುವವರಿದ್ದರು. ಮನೆ ನೋಡಲು ಬರುವವರಿಗೆ ಗರಾಜು ಖಾಲಿ ಕಾಣಬೇಕಂತೆ. ಅಷ್ಟು ಹೊತ್ತಿಗೆ ನಾವೂ ಲೂಯಿಸ್‌ವಿಲ್‌ನಲ್ಲೇ ಸ್ವಂತ ಮನೆ ಮಾಡಿದ್ದರಿಂದ ಮೇಷ್ಟ್ರ ಸಾಮಾನು ನಮ್ಮ ಗರಾಜಿಗೆ ಬಂತು. ಬಣ್ಣ, ಕುಂಚ, ಕಾಗದದ ಕಟ್ಟುಗಳ ಜೊತೆಗೆ ಆ ಕೊನೆಯ ವರ್ಷ ಎಡಗೈಯಲ್ಲಿ ಕೆತ್ತಿದ ಐದು ಹಲಗೆಗಳೂ ಇದ್ದವು. ಆಂಟಿ ಅವನ್ನು ಗೋಡೆಗೆ ಸಾಲಾಗಿ ಒರಗಿಸಿ ಬಹಳ ಹೊತ್ತು ನೋಡಿದರು. ಒಂದರ ತುಂಬ ಬಾಗುಗಳು, ಒಂದರಲ್ಲಿ ಒಂದೇ ದೊಡ್ಡ ಬಯಲು, ಒಂದರಲ್ಲಿ ಬೆರಳು ಹೂಳುವಷ್ಟು ಆಳದ ಗುಳಿಗಳು. ಎಲ್ಲದರ ಮೇಲೂ ಉಳಿ ಜಾರಿದ ಗೀರುಗಳಿದ್ದವು.

ಅವರು ನನ್ನ ಕಡೆ ತಿರುಗಿ ಹೇಳಿದರು: “ಇವು ಒಂದಕ್ಕೊಂದು ಹೊಂದಿದರೆ ಇದು ಚಿತ್ರ. ಹೊಂದದಿದ್ದರೆ ಬರೀ ಕೆರೆದದ್ದು. ಆ ವರ್ಷ ಅವರು ಒಳಗೆ ಇದ್ದರೋ ಇಲ್ಲವೋ ನನಗೆ ಗೊತ್ತಾಗಬೇಕು. ಹ್ಯೂಸ್ಟನ್‌ಗೆ ಹೋಗುವ ಮೊದಲು.”

ಆ ವರ್ಷ ಸೆಪ್ಟೆಂಬರ್ ಮುಗಿದರೂ ಬಿಸಿಲು ಮುಗಿಯಲಿಲ್ಲ. ಧಾರವಾಡದಿಂದ ನಮ್ಮ ಅತ್ತೆ ಬಂದಿದ್ದರು. ಮಾವ ತೀರಿಕೊಂಡ ಮೇಲೆ ಅದೇ ಮೊದಲ ಸಲ ಅವರು ಅಮೆರಿಕಕ್ಕೆ ಬಂದದ್ದು. ಕೂತಲ್ಲಿ ಕೂರುವ ಜೀವವಲ್ಲ. ಮನೆಯ ಮೂಲೆಮೂಲೆಗೂ ಕೈ ಹಾಕಿ, ನಾನು ವರ್ಷಗಟ್ಟಲೆ ಕಾಣದ ಪಾತ್ರೆಗಳನ್ನು ಹೊರಗೆ ತೆಗೆದರು. ಆದರೆ ಹಲಗೆಗಳು ಬಂದ ಮೇಲೆ ಗರಾಜಿಗೆ ಮಾತ್ರ ಒಬ್ಬರೇ ಹೋಗಲೊಲ್ಲರು. “ಅಲ್ಲೆ ಯಾರೋ ಕೂತಂಗ ಅನಸ್ತದ ಶುಭಾ” ಎಂದರು. ಯೂಲೆಸ್‌ನಿಂದ ಇಲ್ಲಿಗೆ ಬರಬೇಕಾದರೆ ದೆವ್ವವೂ ಟೋಲ್ ಕಟ್ಟಬೇಕು, ಸುಮ್ಮನೆ ಯಾಕೆ ಬರುತ್ತದೆ ಎಂದು ನಾನು ರೇಗಿಸಿದೆ. ಹಾಗೆಂದವಳಿಗೂ ಒಳಗೊಳಗೇ ಅಳುಕಿತ್ತು. ಬಟ್ಟೆ ಒಗೆಯುವ ಮೆಷಿನ್ ಗರಾಜಿನ ಪಕ್ಕದಲ್ಲೇ ಇತ್ತು. ಸಂಜೆ ಬಿಸಿ ಇಳಿಯುವಾಗ ಆ ಹಲಗೆಗಳ ಮರ ಸಣ್ಣಗೆ ಟಕ್ಕೆನ್ನುತ್ತಿತ್ತು. ಸ್ವಲ್ಪ ತಡೆದು ಮತ್ತೊಮ್ಮೆ. ಉಳಿಯ ತುದಿ ಮರಕ್ಕೆ ತಾಗಿದರೆ ಕೇಳುವುದು ಅದೇ ಸದ್ದು. ಒಗೆದ ಬಟ್ಟೆಯನ್ನು ಎದೆಗವಚಿಕೊಂಡು ನಾನು ಬೇಗಬೇಗ ಒಳಗೆ ಬರುತ್ತಿದ್ದೆ.

ಶನಿವಾರಗಳಂದು ಆಂಟಿಯನ್ನು ಕರೆತಂದು ಅಚ್ಚು ಹಾಕಲು ಶುರು ಮಾಡಿದೆವು. ಮೇಷ್ಟ್ರ ಬಣ್ಣಗಳು ಬೂದು, ನೀಲಿ, ಕಾವಿ, ಕಪ್ಪು. ಅವು ನಾಲ್ಕೇ ಆದ್ದರಿಂದ ಯಾವುದು ಯಾವ ಹಲಗೆಗೆ ಎಂದು ಊಹಿಸುವುದು ಆಂಟಿಗೆ ಕಷ್ಟವಾಗಲಿಲ್ಲ; ಗುಳಿಗಳಿದ್ದ ಐದನೆಯದನ್ನು ಕೊನೆಗೆಂದು ಬದಿಗಿಟ್ಟರು. ಪ್ರತಿ ಹಲಗೆಯ ಬಲಮೂಲೆಯಲ್ಲಿ ಕಚ್ಚು ಸ್ಪಷ್ಟವಾಗಿತ್ತು. ಕಾಗದ ಅದರಲ್ಲಿ ಕೂರಿಸಿ ಬೂದು ಒತ್ತಿದೆವು. ಅದರ ಮೇಲೆ ನೀಲಿ ಒತ್ತಿದರೆ ಎರಡೂ ಒಂದನ್ನೊಂದು ಕಡಿದುಕೊಂಡು ಬಿದ್ದವು. ಕಾವಿ ಕಾಗದದ ಅಂಚು ದಾಟಿ ಹೊರಗೆ ಹೋಯಿತು. ಹಲಗೆಗಳ ಸರದಿ ಬದಲಿಸಿದೆವು, ತಲೆಕೆಳಗು ಮಾಡಿ ನೋಡಿದೆವು. ಕೆಟ್ಟ ಕಾಗದಗಳನ್ನು ಆಂಟಿ ಎಸೆಯಲಿಲ್ಲ. ಗರಾಜಿನಲ್ಲಿ ಹಗ್ಗ ಕಟ್ಟಿ ಒಂದೊಂದನ್ನೂ ನೇತುಹಾಕಿದರು. ಫ್ಯಾನಿನ ಗಾಳಿಗೆ ಅವು ಬೆನ್ನು ತಿರುಗಿಸಿ ಮತ್ತೆ ಮುಖ ತೋರಿಸುತ್ತಿದ್ದವು. ಯಾವುದನ್ನೂ ಹೋಲದ ಆ ಆಕಾರಗಳು ನನ್ನನ್ನು ಏನೋ ಕೇಳುತ್ತಿವೆ ಎನ್ನಿಸಿ, ಅವುಗಳಿಗೆ ಬೆನ್ನು ಹಾಕಿ ನಿಲ್ಲಲು ಆಗುತ್ತಿರಲಿಲ್ಲ.

ದಸರೆ ಹತ್ತಿರ ಬಂದಾಗ ಆಂಟಿ ಪ್ರಯತ್ನ ಬಿಟ್ಟರು. ಅವರಿಗೆ ದುಃಖವಾಗಿತ್ತು, ಆದರೆ ಭುಜದ ಮೇಲಿನ ಭಾರ ಇಳಿಸಿದವರಂತೆಯೂ ಕಂಡರು. “ಇದರಲ್ಲಿ ಯಾರೂ ಇಲ್ಲ” ಎಂದರು, ಕಾಗದಗಳನ್ನು ನೋಡುತ್ತ. ಡಾಕ್ಟರು ಹೇಳಿದ್ದೇ ಸರಿ, ಉಳಿ ಕಿತ್ತುಕೊಂಡಿದ್ದೂ ಸರಿ, ಹ್ಯೂಸ್ಟನ್‌ಗೆ ಕಳಿಸಿದ್ದೂ ಸರಿ ಎಂದು ತಮಗೆ ತಾವೇ ಹೇಳಿಕೊಂಡರು. ಆವತ್ತು ನಮ್ಮಲ್ಲಿ ಊಟ ಮಾಡಿದರು. ಅತ್ತೆ ಬಡಿಸಿದ ಕಡಲೆಹಿಟ್ಟಿನ ಜುಣಕದ ವಡಿಯನ್ನು ಎರಡು ಸಲ ಹಾಕಿಸಿಕೊಂಡರು.

ಆಯುಧಪೂಜೆ ನಮ್ಮಲ್ಲಿ ಎಲ್ಲರೂ ಮಾಡುವಂತೆಯೇ ನಡೆಯಿತು. ಕಾರುಗಳ ಚಕ್ರದಡಿ ನಿಂಬೆಹಣ್ಣು, ಡ್ರಿಲ್ ಮೆಷಿನ್ನಿಗೆ ಹೂವು, ನನ್ನ ಗಂಡನ ಆಫೀಸ್ ಲ್ಯಾಪ್‌ಟಾಪಿಗೆ ಕುಂಕುಮ. ಬೀದಿಯಲ್ಲಿ ನಾಯಿ ಹಿಡಿದು ಹೊರಟ ಬಿಳಿಯರು ಈ ಸಲವೂ ನಿಂತು ನೋಡಿ ನಕ್ಕು ಹೋದರು. ನಾನು ಒಳಗೆ ಕೋಸಂಬರಿ ಕಲೆಸುತ್ತಿದ್ದಾಗ ಅತ್ತೆ ಧೈರ್ಯ ಮಾಡಿ ಗರಾಜಿನ ಒಳಮೂಲೆಗೆ ಹೋಗಿದ್ದಾರೆ. ನೋಡುತ್ತೇನೆ, ಐದೂ ಹಲಗೆಗಳ ನಾಲ್ಕೂ ಮೂಲೆಗೆ ನೀರಿನಲ್ಲಿ ಕಲಸಿದ ಅರಿಸಿನ ಬಳಿದು ಮೇಲೆ ಕುಂಕುಮ ಇಟ್ಟಿದ್ದಾರೆ, ಥೇಟ್ ಲಗ್ನಪತ್ರಿಕೆಗೆ ಹಚ್ಚಿದ ಹಾಗೆ. ತೀರಿಕೊಂಡವರ ಕೈಕೆಲಸ, ಕೇಳದೆ ಹೀಗೆ ಮಾಡಬಾರದಿತ್ತು ಎಂದೆ. ಅತ್ತೆ ಒಂದಿಷ್ಟೂ ಅಲುಗಲಿಲ್ಲ.

“ಕಾರಿಗೆ ಹಚ್ಚತೀರಿ, ಕಂಪ್ಯೂಟರಿಗೆ ಹಚ್ಚತೀರಿ. ಪಾಪ, ಈ ಕಟಗಿ ಏನ್ ಮಾಡ್ಯಾವ? ಅಲ್ಲೆ ಯಾರರೆ ಇದ್ರ, ಅವರಿಗೂ ಶಾಂತಿ ಸಿಗಲಿ ಅಂತ ಹಚ್ಚೀನಿ.”

ಮಾರನೆಯ ದಿನ ವಿಜಯದಶಮಿಯ ಊಟಕ್ಕೆ ಆಂಟಿ ಬರುವವರಿದ್ದರು. ಅವರು ಬರುವುದರೊಳಗೆ ಒರೆಸಿಬಿಡೋಣವೆಂದು ಬೆಳಿಗ್ಗೆಯೇ ಒದ್ದೆ ಬಟ್ಟೆ ಹಿಡಿದು ಕೂತೆ. ಕುಂಕುಮ ಹೋಯಿತು. ಹಲಗೆಯ ಮೈಮೇಲಿನ ಅರಿಸಿನವೂ ತಕ್ಕಮಟ್ಟಿಗೆ ಹೋಯಿತು. ಗೀರುಗಳೊಳಗೆ ಇಳಿದದ್ದು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅರಿಸಿನದ ಹಟ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ತಿಕ್ಕುತ್ತ ತಿಕ್ಕುತ್ತ ಮೂರನೆಯ ಹಲಗೆಗೆ ಬಂದಾಗ ಹಿಂದಿನ ಎರಡನ್ನು ಮತ್ತೆ ನೋಡಿದೆ. ಕೆಳಗಿನ ಎಡಮೂಲೆಯಲ್ಲಿ, ಜಾರಿದ ಗೀರುಗಳ ನಡುವೆ, ಎರಡು ಗೆರೆ ಕೂಡಿ ಒಂದು ಮೂಲೆಯಾಗಿತ್ತು. ಎಷ್ಟು ತೆಳ್ಳಗಿತ್ತೆಂದರೆ ಅರಿಸಿನ ತುಂಬದೆ ಅದು ಕಣ್ಣಿಗೆ ಬೀಳುವಂತಿರಲಿಲ್ಲ. ಮೂರನೆಯದರಲ್ಲೂ ಅದೇ ಜಾಗದಲ್ಲಿ ಅದೇ ಮೂಲೆ. ನಾಲ್ಕನೆಯದರಲ್ಲೂ, ಐದನೆಯದರಲ್ಲೂ ಹಾಗೆಯೇ.

ಆಂಟಿ ಬಂದಾಗ ನಾನು ಬಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕೂತಿದ್ದೆ. ಅವರು ಬಗ್ಗಿ ಹಳದಿ ಗೆರೆಯ ಮೇಲೆ ಉಗುರು ಆಡಿಸಿದರು. ಬಲಮೂಲೆಯ ಕಚ್ಚುಗಳು ಹಳೆಯ ಚಿತ್ರಗಳವು, ಹಲಗೆಯ ಮೈಯನ್ನು ಕೆರೆದು ಮತ್ತೆ ಬಳಸುವಾಗ ಹಾಗೇ ಉಳಿದುಕೊಂಡವು ಎಂದು ಅವರೇ ಬಿಡಿಸಿ ಹೇಳಿದರು. ಒಂದು ಆಯುಷ್ಯವೆಲ್ಲ ಬಲಕ್ಕೆ ನೋಡಿದ ಕಣ್ಣು ಈಗಲೂ ಬಲಕ್ಕೇ ಹೋಗಿತ್ತು. ಬಲಗೈ ಬಿದ್ದ ಮನುಷ್ಯ ಕೆತ್ತುತ್ತ ಹೊಂದಿಕೆ ನೋಡಲು ಕಾಗದವನ್ನು ಎಡಗೈಯಿಂದಲೇ ಹಿಡಿದು ಕೂರಿಸಬೇಕಲ್ಲ. ಅದಕ್ಕೇ ಹೊಸ ಕಚ್ಚನ್ನು ಎಡಕ್ಕೆ ಕೆತ್ತಿದ್ದರು.

ಊಟ ಆಮೇಲಾಗಲಿ ಎಂದು ಅತ್ತೆಯೇ ಒಲೆ ಆರಿಸಿದರು. ನಾನು ಕಾಗದ ನೆನೆಸಿದೆ. ಎಡಮೂಲೆಯ ಕಚ್ಚಿಗೆ ಅದನ್ನು ಕೂರಿಸಿ ಬೂದು ಒತ್ತಿ ಎತ್ತಿದೆವು. ನೀಲಿಯನ್ನೂ ಹಾಗೆಯೇ ಒತ್ತಿದಾಗ ಅದು ಬೂದಿನ ಬಾಗಿನ ಪಕ್ಕಕ್ಕೆ ಬಂದು, ತಾಗಿಯೂ ತಾಗದಂತೆ ನಿಂತಿತು. ಕಾವಿ ಅವೆರಡರ ನಡುವಿನ ಸಂದಿಯನ್ನು ಅಂಚು ಮೀರದೆ ತುಂಬಿತು. ಕಪ್ಪು ಬಂದಾಗ ಎಲ್ಲವೂ ಒಟ್ಟಿಗೆ ಉಸಿರು ಬಿಟ್ಟ ಹಾಗಾಯಿತು. ಎಲ್ಲೂ ಕೂದಲೆಳೆ ತಪ್ಪಿರಲಿಲ್ಲ. ಅದು ಯಾವುದರ ಚಿತ್ರವೂ ಅಲ್ಲ. ಮುಖವಿಲ್ಲ, ಮನೆಯಿಲ್ಲ, ಮರವಿಲ್ಲ. ಆದರೆ ಅದನ್ನು ಮಾಡಿದವರು ಅಲ್ಲೇ ನಿಂತಿದ್ದಾರೆ ಎಂದು ನನಗೆ ಅನ್ನಿಸಿತು. ಕಾಗದದ ಎಡಮೂಲೆಗೆ ಚೂರು ಅರಿಸಿನ ಹತ್ತಿತ್ತು.

ಐದನೆಯದಕ್ಕೆ ಯಾವ ಬಣ್ಣ ಎಂದು ಕೇಳಿದೆ. ಆಳದ ಗುಳಿಗಳಿದ್ದ ಹಲಗೆ ಅದು. ಆಂಟಿ ಬಣ್ಣದ ಬಟ್ಟಲನ್ನು ದೂರ ತಳ್ಳಿದರು. ಇದಕ್ಕೆ ಬಣ್ಣವಿಲ್ಲ, ಒದ್ದೆ ಕಾಗದವನ್ನು ಗುಳಿಯೊಳಗೆ ಒತ್ತಿ ಬರೀ ಉಬ್ಬು ತೆಗೆಯಬೇಕು ಎಂದರು. ಮೆತ್ತೆಯಿಂದ ಅದು ಸಾಧ್ಯವಿಲ್ಲ, ಮೊಣಕೈಯೇ ಬೇಕು. ಮೇಷ್ಟ್ರಿಗೆ ಅದು ಎಂದೂ ಒಗ್ಗಲಿಲ್ಲವಂತೆ. ನನ್ನ ಮೊಣಕೈ ಬರೀ ಎಲುಬು, ಕಾಗದ ಹರಿಯುತ್ತದೆ, ನಿನ್ನದಾದರೆ ಸರಿ ಎಂದು ಮದುವೆಯಾದ ಹೊಸದರಲ್ಲೇ ಆ ಕೆಲಸವನ್ನು ಹೆಂಡತಿಗೆ ಬಿಟ್ಟಿದ್ದರಂತೆ. ನಾನು ಸಹಾಯಕ್ಕೆ ಹೋದರೆ ಬೇಡವೆಂದರು. ತೋಳು ಮಡಚಿ, ವಯಸ್ಸಿಗೆ ನೋಯುತ್ತಿದ್ದ ಭುಜದ ಭಾರವನ್ನೆಲ್ಲ ಮೊಣಕೈಗೆ ಹಾಕಿ, ಒಂದೊಂದೇ ಗುಳಿಯನ್ನು ಒತ್ತಿದರು. ಕಾಗದ ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಖಾಲಿ ಇದ್ದ ಬಿಳಿಯ ಭಾಗದಲ್ಲಿ ಉಬ್ಬುಗಳು ಎದ್ದವು. ನೇರ ಹಿಡಿದರೆ ಏನೂ ಇಲ್ಲ.

“ಇದನ್ನ ಒತ್ತೋದು ನಾನೇ ಅಂತ ಅವರಿಗೆ ಗೊತ್ತಿತ್ತು” ಎಂದರು ಆಂಟಿ. ಉಬ್ಬುಗಳನ್ನು ಬೆರಳಿನಿಂದ ಸವರುತ್ತ ಹೇಳಿದರು: “ನಾನು ಬಾಗಿಲಲ್ಲಿ ನಿಂತು ಫೋನಿನಲ್ಲಿ ಆಡಿದ್ದನ್ನೆಲ್ಲ ಕೇಳಿಕೊಂಡೇ ಇದನ್ನ ತೋಡಿದ್ದಾರೆ.”

ಕೈ ಕೆಲಸ ಮಾಡಿದರೂ ಮಾತು ತಲುಪಿರಲಿಕ್ಕಿಲ್ಲ, ಹಾಗೂ ಆಗುತ್ತದಂತೆ ಎಂದು ನಾನು ಏನೇನೋ ಸಮಾಧಾನ ಹೇಳಿದೆ. ಇರಬಹುದು, ಆದರೆ ಇನ್ನು ಕೇಳಿ ತಿಳಿಯಲು ಅವರಿಲ್ಲವಲ್ಲ ಎಂದರು. ಆಮೇಲೆ ಚಿತ್ರವನ್ನು ಕುರ್ಚಿಯ ಮೇಲೆ ನಿಲ್ಲಿಸಿ ಎದುರಿಗೆ ಕೂತು ಜಪಾನಿಯಲ್ಲಿ ಮೆಲ್ಲಗೆ ಮಾತನಾಡತೊಡಗಿದರು. ನನಗೆ ಒಂದು ಪದವೂ ತಿಳಿಯಲಿಲ್ಲ. ಅತ್ತೆ ನನ್ನ ಸೆರಗು ಜಗ್ಗಿ, “ಅಕಿ ತಪ್ಪಾತು ಅಂತ ಕೇಳ್ಲಿಕತ್ತಾಳ. ನೀ ಒಳಗ ಬಾ” ಎಂದು ಕರೆದೊಯ್ದು ಬಾಗಿಲು ಎಳೆದುಕೊಂಡರು.

ಸಂಜೆ ಆಂಟಿಯನ್ನು ಯೂಲೆಸ್‌ಗೆ ಬಿಡಲು ಅತ್ತೆಯೂ ಬಂದರು. ಆಂಟಿ ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಇಳಿಯುವಾಗ ಅತ್ತೆಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದರು. ಅದು ಕೃತಜ್ಞತೆಯೋ, ಯಾಕಾದರೂ ತೋರಿಸಿದೆ ಎಂಬ ನೋವೋ ನನಗೆ ಇವತ್ತಿಗೂ ಗೊತ್ತಿಲ್ಲ. ವಾರದೊಳಗೆ ಅವರು ಹ್ಯೂಸ್ಟನ್‌ಗೆ ಹೊರಟುಹೋದರು.

ವಾಪಸು ಬರುವಾಗ 121ನೇ ಹೆದ್ದಾರಿಯ ಮೇಲೆ ಟ್ರಾಫಿಕ್ ನಿಂತಿತ್ತು. ವಿಮಾನಗಳು ಒಂದರ ಹಿಂದೊಂದು ದೀಪ ಹಚ್ಚಿಕೊಂಡು ಇಳಿಯುತ್ತಿದ್ದವು. ಬೇರೆ ದಿನ ಅವನ್ನು ಎಣಿಸುವ ಅತ್ತೆ ಅರಿಸಿನ ಹತ್ತಿದ ತಮ್ಮ ಬೆರಳುಗಳನ್ನೇ ನೋಡುತ್ತ ಕೂತಿದ್ದರು. ಲೂಯಿಸ್‌ವಿಲ್ ಹತ್ತಿರ ಬಂದಾಗ ಕೇಳಿದರು:

“ಶುಭಾ, ನಿಮ್ಮ ಮಾವನವರು ಕಡೀಕ ಕಣ್ಣ ಮುಚಗೊಂಡ ಮಲಗಿದ್ರಲ್ಲಾ. ಆವಾಗ ಅವರಿಗೆ ಕೇಳಿಸ್ತಿತ್ತೇನು?”

ಆಂಟಿಯ ಮುಖ ಇನ್ನೂ ನನ್ನ ಕಣ್ಣಲ್ಲಿತ್ತು. ಈ ಜೀವವಾದರೂ ನಿಶ್ಚಿಂತೆಯಿಂದಿರಲಿ ಎಂದು ತಡಮಾಡದೆ ಹೇಳಿದೆ: “ಇಲ್ಲ ಅತ್ತೆ. ಖಂಡಿತ ಕೇಳಿಸಿರಲ್ಲ. ಡಾಕ್ಟರೂ ಹಾಗೇ ಹೇಳಿದ್ರು.”

ಅತ್ತೆ ತಲೆಯಾಡಿಸಿದರು. ಸೀಟ್ ಬೆಲ್ಟಿನ ಮೇಲೆ ಸೆರಗು ಸರಿಮಾಡಿಕೊಂಡರು.

“ಕೇಳಿಸಿದ್ರ ಛಲೋ ಇತ್ತು” ಎಂದರು. “ಮದುವಿ ಆದಾಗಿಂದ ಒಮ್ಮೆನೂ ಅವರ ಮುಂದ ಅನ್ಲಿಕ್ಕೆ ಆಗಿದ್ದಿಲ್ಲ. ನೀವಂದ್ರ ನನಗ ಭಾಳ ಜೀವ ಅಂತ, ಅವತ್ತ ಕಿವಿಯಾಗ ಹೇಳಿದ್ದೆ.”